ತಾನಾಗಿ ಬಂದ ಸಾಲು

ಎಂಟು ಗಂಟೆ ನಲವತ್ತು ನಿಮಿಷಕ್ಕೆ ಅವನು ಆ ಸಾಲನ್ನು ಪರದೆಯ ಮೇಲಿನ ಪಟ್ಟಿಯ ತಲೆಯಿಂದ ಎಳೆದು ಬಾಲಕ್ಕೆ ಹಾಕಿದ, 'ಉಳಿಸು' ಎಂದಿರುವಲ್ಲಿ ಒತ್ತಿದ, ಆಮೇಲೆ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ. ಒರೆಸಿಕೊಳ್ಳುವಂಥದ್ದೇನೂ ಕೈಯಲ್ಲಿರಲಿಲ್ಲ. ಮೂರನೆಯ ಅಂತಸ್ತಿನ ಆ ಉದ್ದನೆಯ ಕೋಣೆಗೆ ಇನ್ನೂ ಯಾರೂ ಬಂದಿರಲಿಲ್ಲ. ಕಸ ಗುಡಿಸುವಾಕೆ ಎತ್ತಿ ಮೇಜಿನ ಮೇಲೆ ಬೋರಲು ಹಾಕಿಹೋದ ಕುರ್ಚಿಗಳು ಕಾಲು ಮೇಲೆ ಮಾಡಿಕೊಂಡು ಬಿದ್ದಿದ್ದವು. ಮೊದಲು ಸಾಲನ್ನು ಅಳಿಸಿಯೇ ಹಾಕಲು ನೋಡಿದ್ದ. 'ಈ ಕಾರಣವು ನಲವತ್ತೊಂದು ಕಡತಗಳಲ್ಲಿ ಬಳಕೆಯಲ್ಲಿದೆ, ಅಳಿಸಲಾಗದು' ಎಂದು ಪರದೆ ಬಹಳ ವಿನಯದಿಂದ ಹೇಳಿತು. ವಿನಯ ಕಂಡರೆ ಅವನಿಗೆ ಮೈ ಉರಿಯುತ್ತದೆ. ಸರಿ, ಕೊನೆಯಲ್ಲಿ ಬಿದ್ದಿರು ಎಂದು ಎಳೆದು ಹಾಕಿದ್ದ. ಈಗ 'ದಾಖಲೆಗಳು ಸಾಲದು' ಎಂಬುದು ಒಂದನೆಯದಾಗಿ ಕೂತಿತ್ತು, ಯಾರಿಗೂ ಯಾವತ್ತೂ ನೋವು ಮಾಡದ ಸಾಧು ಸಾಲು. ಇದು ತಿದ್ದುಪಡಿ ಅಷ್ಟೆ ಎಂದು ತನಗೆ ತಾನೇ ಹೇಳಿಕೊಂಡ. ತಿದ್ದುಪಡಿ ಮಾಡುವವನು ಮೆಟ್ಟಿಲು ಹತ್ತುವಾಗ ಚಪ್ಪಲಿ ಸದ್ದಾಗದಂತೆ ಏಕೆ ಹತ್ತಬೇಕಿತ್ತು?

ಕಿವಿ ಕೇಳದವರಿಗೆ ಸರ್ಕಾರದಿಂದ ಕಿವಿಯಂತ್ರ ಕೊಡುವ ಕಚೇರಿ ಅದು. ಎಂಟು ತಿಂಗಳ ಹಿಂದಿನವರೆಗೆ ಎಲ್ಲ ಕಾಗದದಲ್ಲಿತ್ತು. ಆಮೇಲೆ ವರ್ಷದ ಬಾಡಿಗೆಗೆ ಒಂದು ಸಾಫ್ಟ್‌ವೇರ್ ಬಂತು. ಬಂತು ಅನ್ನುವುದೂ ತಪ್ಪು, ಅದು ಎಲ್ಲಿಗೂ ಬರಲಿಲ್ಲ; ಎಲ್ಲೋ ದೂರದಲ್ಲಿ ಇದ್ದಲ್ಲೇ ಇತ್ತು, ಇವರು ತಂತಿ ಹಿಡಿದು ಅದರ ಬಾಗಿಲಿಗೆ ಹೋಗಿ ನಿಲ್ಲುತ್ತಿದ್ದರು. ಕಲಿಸಲು ಕಂಪನಿಯಿಂದ ಬಂದವನು ಸೆಕೆಯಲ್ಲೂ ಟೈ ಕಟ್ಟುತ್ತಿದ್ದ, ಆದ್ದರಿಂದ ಕಚೇರಿಯಲ್ಲಿ ಅವನ ಹೆಸರೇ ಟೈ ಎಂದಾಯಿತು. "ಬಾಡಿಗೆ ಮನೆ ಇದ್ದ ಹಾಗೆ ನೋಡಿ," ಎನ್ನುತ್ತಿದ್ದ ಟೈ, "ಗೋಡೆ ನಮ್ದು, ಬಣ್ಣ ನಿಮ್ಮಿಷ್ಟ." ಆ ಗೋಡೆಗಳು ಅಸಲಿಗೆ ಯಾವುದೋ ಅಂಗಡಿಗಳಿಗಾಗಿ ಎಬ್ಬಿಸಿದವು, ಗಿರಾಕಿ ಕೊಂಡ ಸಾಮಾನನ್ನು ವಾಪಸು ತಂದಾಗ ಬರೆದುಕೊಳ್ಳುವುದಕ್ಕೆ. ಬಣ್ಣ ಬಳಿಯುವ ಕೆಲಸ ಇವನ ಪಾಲಿಗೆ ಬಂತು. ಗುತ್ತಿಗೆಯ ಮೇಲೆ ಟೈಪು ಮಾಡಲು ಸೇರಿದ್ದವನು, ಬೆರಳು ಚುರುಕು, ಹೇಳಿದ್ದು ಒಂದೇ ಸಲಕ್ಕೆ ಹಿಡಿಯುತ್ತಾನೆ. 'ಗಿರಾಕಿ' ಇದ್ದ ಕಡೆ 'ಅರ್ಜಿದಾರ' ಎಂದು ಹಾಕಿದ. 'ಸಾಮಾನು' ಇದ್ದ ಕಡೆ 'ಕಿವಿಯಂತ್ರ'. 'ವಾಪಸಿಗೆ ಕಾರಣ' ಇದ್ದ ಕಡೆ 'ತಿರಸ್ಕಾರಕ್ಕೆ ಕಾರಣ'. ಆ ಕಾರಣದ ಚೌಕವನ್ನು ಮಾತ್ರ ಖಾಲಿ ಬಿಡಲು ಗೋಡೆ ಒಪ್ಪುತ್ತಿರಲಿಲ್ಲ; ಪಟ್ಟಿಯಲ್ಲಿ ಒಂದಾದರೂ ಕಾರಣ ಇರಬೇಕು, ಆರಿಸದಿದ್ದರೆ ಮೊದಲನೆಯದೇ ತಾನಾಗಿ ಕೂರಬೇಕು. "ಸುಮ್ನೆ ಏನಾದ್ರೂ ಒಂದು ಹಾಕಿ ಮುಂದೆ ಹೋಗಿ, ಆಮೇಲೆ ತಿದ್ಕೊಳ್ಳೋಣ," ಎಂದಿದ್ದ ಟೈ. ಅವತ್ತಿನಿಂದ ಇವನನ್ನು ಕಚೇರಿಯವರೆಲ್ಲ 'ಸೆಟ್ಟಿಂಗು' ಎಂದು ಕರೆಯತೊಡಗಿದರು. ಏ ಸೆಟ್ಟಿಂಗು, ಇಲ್ಲಿ ಬಾರೋ. ಮೇಲಿನವರು ಕರೆದರೆ ಕೋಪ ಬರುತ್ತಿತ್ತು, ಕರೆಯದಿದ್ದರೆ ಇನ್ನೂ ಹೆಚ್ಚು.

ಏನಾದರೂ ಒಂದು. ಅವತ್ತು ಬೆಳಿಗ್ಗೆ ಅಪ್ಪನ ಜೊತೆ ಜಗಳವಾಗಿತ್ತು, ಅಂದರೆ ಇವನೊಬ್ಬನೇ ಜಗಳವಾಡಿದ್ದ. ಅಪ್ಪ ಗಡಿಯಾರ ರಿಪೇರಿಯವನು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ರಿಪೇರಿ ಮುಗಿದ ಗಡಿಯಾರವನ್ನು ಕಿವಿಗೆ ಹಿಡಿಯುವ ಬದಲು ದವಡೆಯ ಮೂಳೆಗೆ ಒತ್ತಿ ಹಿಡಿಯುತ್ತಿದ್ದ, ಟಿಕ್ ಟಿಕ್ ಎಂಬುದು ಹಲ್ಲಿನ ಬೇರಿಗೆ ತಾಕುತ್ತದೆಯೋ ಎಂದು ನೋಡಲು. ಬೇಕಾದ್ದು ಕೇಳುತ್ತದೆ, ಬೇಡದ್ದು ಕೇಳುವುದಿಲ್ಲ ಎಂದು ಅಮ್ಮ ಇದ್ದಾಗ ಅನ್ನುತ್ತಿದ್ದಳು. ಚಿಕ್ಕವನಿದ್ದಾಗ ಇವನು ಅಪ್ಪನ ಬೆನ್ನ ಹಿಂದೆ ಕಬ್ಬಿಣದ ಬಕೆಟ್ ಬೀಳಿಸಿ ನೋಡುತ್ತಿದ್ದ. ಕೆಲವು ಸಲ ಹೆಗಲು ಹಾರುತ್ತಿತ್ತು, ಕೆಲವು ಸಲ ಇಲ್ಲ. ಒಂಬತ್ತನೆಯ ತರಗತಿಯಲ್ಲಿ ಮೇಷ್ಟ್ರು ಎದ್ದು ನಿಲ್ಲಿಸಿ ಪಾಠ ಓದಿಸಿದಾಗ ನಾಲಿಗೆ ತೊಡರಿ, ತರಗತಿಯೆಲ್ಲ ನಕ್ಕು, ಪುಸ್ತಕವನ್ನು ಕಿಟಕಿಯಿಂದಾಚೆ ಎಸೆದು ಬಂದ ದಿನ ಅಂಗಡಿಯ ಹೊಸ್ತಿಲಲ್ಲಿ ನಿಂತು, "ಅಪ್ಪಾ, ನಾನಿನ್ನು ಶಾಲೆಗೆ ಹೋಗಲ್ಲ," ಎಂದಿದ್ದ. ಅಪ್ಪ ದವಡೆಗೆ ಗಡಿಯಾರ ಒತ್ತಿ ಹಿಡಿದಿದ್ದ. ತಲೆ ಎತ್ತಲಿಲ್ಲ. ಇನ್ನೊಂದು ಸಲ ಹೇಳಲಿ ಎಂದು ಕಾದನೋ, ಕೇಳಿಸಲೇ ಇಲ್ಲವೋ, ಕೇಳಿಸಿಯೂ ಹೊಡೆಯಲು ಮನಸ್ಸು ಬರದೆ ಹಾಗೆ ಕೂತನೋ. ಇವನು ಇನ್ನೊಂದು ಸಲ ಹೇಳಲಿಲ್ಲ. ಮರುದಿನ ಶಾಲೆಗೂ ಹೋಗಲಿಲ್ಲ. ಯಾರಾದರೂ ಒಬ್ಬರು ಬೇಡ ಎನ್ನಬೇಕಿತ್ತು. ಹನ್ನೆರಡು ವರ್ಷವಾದರೂ ಆ ಸಿಟ್ಟು ಇಳಿದಿರಲಿಲ್ಲ. ಆ ಸಿಟ್ಟಿನಲ್ಲೇ ಪಟ್ಟಿಯ ಮೊದಲ ಚೌಕದಲ್ಲಿ, 'ಕೇಳಿಸುತ್ತೆ, ನಾಟಕ ಆಡ್ತಾನೆ' ಎಂದು ಟೈಪು ಮಾಡಿದ.

ಟೈ ಬಗ್ಗಿ ನೋಡಿ ನಕ್ಕ. "ಭಾಷೆ ಸ್ವಲ್ಪ ಕಚೇರಿ ಥರ ಮಾಡಿ ಗುರುವೇ." ಆಗ ಇವನು ಕೂತು ತಿದ್ದಿದ: 'ಅರ್ಜಿದಾರರು ಕಿವುಡುತನವನ್ನು ನಟಿಸುತ್ತಿರುವುದು ಕಂಡುಬಂದಿದೆ.' ಅದನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ. ಬರೆದದ್ದಕ್ಕಲ್ಲ. ಬರೆದಾದ ಮೇಲೆ ಹೆಮ್ಮೆಪಟ್ಟಿದ್ದಕ್ಕೆ. ಯಾರ ಸಹಾಯವೂ ಇಲ್ಲದೆ, ಒಂದೂ ಅಕ್ಷರ ತಪ್ಪಿಲ್ಲದೆ, 'ಕಂಡುಬಂದಿದೆ' ಎಂದು ಸರ್ಕಾರಿ ಗಾಂಭೀರ್ಯದಲ್ಲಿ ಮುಗಿಯುವ ಪೂರ್ತಿ ಒಂದು ವಾಕ್ಯ. ಅವತ್ತು ಮನೆಗೆ ನಡೆದು ಹೋಗುವಾಗ ಅದನ್ನು ಎರಡು ಮೂರು ಸಲ ಬಾಯಲ್ಲಿ ಹೇಳಿಕೊಂಡಿದ್ದ. ಆ ಮೇಷ್ಟ್ರು ಎದುರಿಗೆ ಸಿಗಲಿ ಎಂದು ಹಂಬಲಿಸಿದ್ದ.

ಆಮೇಲೆ ತಿದ್ದಿಕೊಳ್ಳಲಿಲ್ಲ. ಟೈ ಹೊರಟುಹೋದ, ನಿಜವಾದ ಅರ್ಜಿಗಳು ಬಂದವು. ಅರ್ಜಿ ನೋಡುವವಳು ಕಚೇರಿಗೆಲ್ಲ ದೊಡ್ಡಕ್ಕ; ಆಕೆಯ ಪರದೆ ಹಳೆಯದು, ಚಿಕ್ಕದು. ಕಾರಣದ ಚೌಕ ಕೆಳಗೆಲ್ಲೋ ಮುಳುಗಿರುತ್ತಿತ್ತು, ಉರುಳಿಸಿದರೆ ಮಾತ್ರ ಮೇಲೆ ಬರುವುದು. ಫೋಟೊ ಇಲ್ಲದ್ದು, ಸಹಿ ಇಲ್ಲದ್ದು, ಗುರುತಿನ ಚೀಟಿ ಇಲ್ಲದ್ದು ಬಂದರೆ ಆಕೆ 'ತಿರಸ್ಕರಿಸು' ಒತ್ತುತ್ತಿದ್ದಳು. ಪತ್ರ ತಾನಾಗಿ ತಯಾರಾಗಿ ತಾನಾಗಿ ಅಂಚೆಗೆ ಹೋಗುತ್ತಿತ್ತು. ನಲವತ್ತೊಂದು ಪತ್ರ. ಕಳೆದ ವಾರ ಒಬ್ಬ ಮುದುಕ ಆ ಪತ್ರ ಹಿಡಿದು ಬಂದಾಗಲೇ ಗೊತ್ತಾದದ್ದು. ಮೇಲಧಿಕಾರಿ ಸಾಹೇಬರು ದೊಡ್ಡಕ್ಕನನ್ನು ಕರೆದು ಕೇಳಿದ್ದರು. ನಾನು ಆರಿಸಿಲ್ಲ ಸಾರ್, ಅದು ತಾನೇ ಕೂತಿರುತ್ತೆ ಎಂದಿದ್ದಳು ಆಕೆ. ಹಾಗಾದರೆ ಸೋಮವಾರ, ಅಂದರೆ ಇವತ್ತು, ಹನ್ನೊಂದು ಗಂಟೆಗೆ ಎಲ್ಲರ ಎದುರಿಗೆ ತೆರೆದು ನೋಡೋಣ, ಆ ಯಜಮಾನರನ್ನೂ ಕರೆಸಿ, ಎಂದಿದ್ದರು ಸಾಹೇಬರು.

ದೊಡ್ಡಕ್ಕ ಒಂಬತ್ತೂವರೆಗೆ ಬಂದಳು. ನಿವೃತ್ತಿಗೆ ಒಂದೂವರೆ ವರ್ಷ ಉಳಿದಿದ್ದವಳು. ಚೀಲವನ್ನು ಮೇಜಿನ ಮೇಲಿಟ್ಟು, ಬೋರಲಾಗಿದ್ದ ಕುರ್ಚಿಯನ್ನು ಇಳಿಸಿ, ಕೂರದೆ ನಿಂತಳು.

"ಏನೋ ಸೆಟ್ಟಿಂಗು, ಇವತ್ತು ಕೋಳಿಗಿಂತ ಮುಂಚೆ ಬಂದಿದೀಯ?"

"ಬಸ್ಸು ಬೇಗ ಸಿಕ್ತು ಅಕ್ಕ."

"ನನಗೆ ರಾತ್ರಿಯೆಲ್ಲ ನಿದ್ದೆ ಇಲ್ಲ. ಮಗಳು ಬೈದಳು. ಮೂವತ್ತು ವರ್ಷ ನೌಕರಿ ಮಾಡಿದೀಯ, ಒಂದು ಚೌಕ ನೋಡೋಕಾಗಲ್ವಾ ಅಂತ." ಆಕೆ ನಗಲು ನೋಡಿದಳು. "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಅಂತಾರಲ್ಲ. ಈ ಕಚೇರೀಲಿ ಎಮ್ಮೆ ನಾನೇ ಕಣೋ. ಅದಿರ್ಲಿ, ಅದು ತಾನಾಗೇ ಬರುತ್ತೆ ತಾನೆ? ನೀನು ಹೇಳ್ತೀಯ ತಾನೆ?"

"ಹೇಳ್ತೀನಿ," ಎಂದ. ಎಂದ ಮೇಲೆ, ಹೇಳುವುದಕ್ಕೆ ಈಗ ಏನು ಉಳಿದಿದೆ ಎಂದು ಲೆಕ್ಕ ಹಾಕಿದ. ಈಗ ಸಾಹೇಬರು ಹೊಸ ಅರ್ಜಿ ತೆರೆದರೆ ತಾನಾಗಿ ಬರುವುದು ಸಾಧು ಸಾಲು. ಆ ಕೆಟ್ಟ ಸಾಲು ಪಟ್ಟಿಯ ಕೊನೆಯಲ್ಲಿ, ಬೇಕೆಂದೇ ಉರುಳಿಸಿ ಹುಡುಕಿ ಆರಿಸಬೇಕಾದ ಜಾಗದಲ್ಲಿ ಬಿದ್ದಿದೆ. ತನ್ನ ತಪ್ಪನ್ನು ಒರೆಸಲು ಹೋಗಿ ಆಕೆಯ ಸಾಕ್ಷಿಯನ್ನು ಒರೆಸಿದ್ದ. ಮತ್ತೆ ಮೇಲಕ್ಕೆ ಎಳೆಯಬಹುದು, ಇನ್ನೂ ಸಮಯವಿದೆ. ಕೈ ಮೌಸಿನ ಮೇಲೆ ಹೋಯಿತು. ಅಷ್ಟರಲ್ಲಿ ಒಬ್ಬೊಬ್ಬರೇ ಬಂದರು, ಎಲ್ಲರೂ ಅವನ ಮೇಜಿನ ಸುತ್ತಲೇ ಚಹಾ ಹಿಡಿದು ನಿಂತರು, ವಿಚಾರಣೆಯ ದಿನ ಚಹಾ ಹೆಚ್ಚು ರುಚಿ. ಒಬ್ಬ ಗುಮಾಸ್ತ ಅವನ ಹೆಗಲ ಮೇಲೆ ಕೈಯೂರಿ ಪರದೆಯನ್ನೇ ನೋಡುತ್ತ ನಿಂತುಬಿಟ್ಟ. "ಏನು ಬೆವರ್ತಿದೀಯ? ಕುಂಬಳಕಾಯಿ ಕಳ್ಳ ಅಂದ್ರೆ ನೀನ್ಯಾಕೆ ಹೆಗಲು ಮುಟ್ಟಿ ನೋಡ್ಕೋತೀಯ?" ಎಂದು ನಕ್ಕ. ಸುಮ್ಮನೆ ಅಂದದ್ದು. ಇವನೂ ನಕ್ಕ. ಹನ್ನೊಂದಕ್ಕೆ ಐದು ನಿಮಿಷ ಇರುವವರೆಗೆ ಆ ಕೈ ಹೆಗಲಿನಿಂದ ಏಳಲಿಲ್ಲ.

ಸಾಹೇಬರ ಕೋಣೆಯಲ್ಲಿ ಗೋಡೆಗೆ ದೊಡ್ಡ ಪರದೆ. ಮುದುಕ ಮೊದಲೇ ಬಂದು ಕುರ್ಚಿಯ ಅಂಚಿನಲ್ಲಿ ಕೂತಿದ್ದ. ಮೂವತ್ತೆಂಟು ವರ್ಷ ಕಾರ್ಖಾನೆಯಲ್ಲಿ ಲೇತ್ ಯಂತ್ರದ ಮುಂದೆ ನಿಂತವನು. ಕಬ್ಬಿಣ ಕೊರೆಯುವ ಸದ್ದೇ ಕಿವಿಯನ್ನೂ ಕೊರೆದುಹಾಕಿತ್ತು. ಬಿಳಿ ಅಂಗಿಗೆ ಇಸ್ತ್ರಿ ಹಾಕಿಸಿಕೊಂಡು ಬಂದಿದ್ದ. ಕೈಬೆರಳುಗಳ ಗೆಣ್ಣುಗಳಲ್ಲಿ ತೊಳೆದರೂ ಹೋಗದ ಎಣ್ಣೆಯ ಕಪ್ಪು. ದೊಡ್ಡಕ್ಕ ಪಕ್ಕದಲ್ಲಿ ಕೂತು, ಮಾತಾಡಿದ್ದನ್ನೆಲ್ಲ ಒಂದು ಪುಸ್ತಕದಲ್ಲಿ ದಪ್ಪ ಅಕ್ಷರದಲ್ಲಿ ಬರೆದು ಅವನಿಗೆ ತೋರಿಸುತ್ತಿದ್ದಳು. ತನ್ನ ಮೇಲಿನ ಆರೋಪವನ್ನೂ ತಾನೇ ಬರೆದು ತೋರಿಸಬೇಕಾದ ಆಕೆಯ ಕೈಯನ್ನು ಇವನು ನೋಡಲಾರದೆ ಕಿಟಕಿ ನೋಡಿದ.

ಮುದುಕ, ಕಿವುಡರು ಮಾತಾಡುವ ಹಾಗೆ, ಅಗತ್ಯಕ್ಕಿಂತ ಜೋರಾಗಿ ಹೇಳಿದ: "ಸಾರ್, ಯಂತ್ರ ಕೊಡ್ಲಿಲ್ಲ ಅಂತ ನಾನು ಬಂದಿಲ್ಲ. ಕಾಗದ ಮನೇಲಿ ಸೊಸೆ ಓದಿದ್ಲು. ಅವತ್ತಿಂದ ನನ್ನ ಬೆನ್ನ ಹಿಂದೆ ತಟ್ಟೆ ಬೀಳಿಸಿ ನೋಡ್ತಾಳೆ. ಮೊಮ್ಮಗು ಹಿಂದಿಂದ ಬಂದು 'ಕಳ್ಳ ತಾತ' ಅನ್ನುತ್ತಂತೆ. ಅನ್ನುತ್ತೆ ಅಂತ ಪಕ್ಕದ ಮನೆಯೋನು ಹೇಳ್ದ, ನನಗೇನು ಕೇಳ್ಸುತ್ತಾ? ಒಂದೇ ಮಾತು ಕೇಳ್ತೀನಿ. ನನಗೆ ಕೇಳ್ಸಿದ್ದನ್ನ ನಿಮ್ಮಲ್ಲಿ ನೋಡ್ದೋರು ಯಾರು?"

ತಟ್ಟೆ ಬೀಳುವ ಸದ್ದು ಇವನ ತಲೆಯೊಳಗೆ ಬಿತ್ತು, ಬಿದ್ದು ಕಬ್ಬಿಣದ ಬಕೆಟ್ಟಿನಂತೆ ಉರುಳುತ್ತ ಹೋಯಿತು.

ಸಾಹೇಬರು ಹೊಸ ಅರ್ಜಿ ತೆರೆದು, ಕೆಳಕ್ಕೆ ಉರುಳಿಸಿ, ಕಾರಣದ ಚೌಕದಲ್ಲಿ ಬೆರಳು ಇಟ್ಟರು. "ನೋಡಿಮ್ಮಾ. ತಾನಾಗಿ ಬಂದಿರೋದು 'ದಾಖಲೆಗಳು ಸಾಲದು'. ನೀವು ಹೇಳೋ ಸಾಲು ಎಲ್ಲಿದೆ? ಇಲ್ಲಿ, ಕಟ್ಟಕಡೇಲಿ. ಇಷ್ಟು ದೂರ ಹೋಗಿ ನಲವತ್ತೊಂದು ಸಲ ಆರಿಸಿದೀರಲ್ಲ, ಇವರೆಲ್ಲ ನಿಮಗೇನು ಮಾಡಿದ್ರು?"

ದೊಡ್ಡಕ್ಕನ ಬಾಯಿ ತೆರೆದೇ ಇತ್ತು. "ಇಲ್ಲ ಸಾರ್... ಶನಿವಾರ ನಾನೇ ನೋಡ್ದೆ... ಅದೇ ಮೊದಲು ಇತ್ತು, ನನ್ನ ಮಕ್ಕಳಾಣೆ." ಮುದುಕ ಪುಸ್ತಕದ ಕಡೆ ನೋಡಿದ; ಆಕೆ ಬರೆಯುವುದನ್ನು ನಿಲ್ಲಿಸಿದ್ದಳು.

"ಸೆಟ್ಟಿಂಗು," ಎಂದರು ಸಾಹೇಬರು, "ನೀನು ಹೇಳು. ಇದು ಬದಲಾಗಿದೆಯಾ?"

ಬದಲಾವಣೆಗಳ ಪಟ್ಟಿ ಎಂದು ಒಂದಿತ್ತು. ಯಾರು, ಯಾವ ದಿನ, ಎಷ್ಟು ಗಂಟೆಗೆ, ಏನನ್ನು ಮುಟ್ಟಿದರು ಎಂಬುದೆಲ್ಲ ಅದರಲ್ಲಿ. ಅದು ತೆರೆಯುವುದು ಅವನ ಗುಪ್ತಪದಕ್ಕೆ ಮಾತ್ರ. ಅಂಥದ್ದೊಂದು ಇದೆ ಎಂಬುದೂ ಆ ಕೋಣೆಯಲ್ಲಿ ಅವನಿಗೆ ಮಾತ್ರ ಗೊತ್ತು. ನಾನು ಎನ್ನಬೇಕು, ಅಷ್ಟೆ. ಆ ಪದ ನಾಲಿಗೆಯ ಮೇಲೆ ಬಂತು, ತೊಡರಿತು, ಶಾಲೆಯ ಬೆಂಚಿನ ಪಕ್ಕ ತಾನು ಎದ್ದು ನಿಂತಂತಾಯಿತು, ಸುತ್ತ ನಲವತ್ತು ಜನ ನಗಲು ಕಾಯುತ್ತಿರುವಂತೆ. ಗುತ್ತಿಗೆಯವನು, ಒಂಬತ್ತನೆಯ ತರಗತಿ, ನಾಳೆಯಿಂದ ಬರಬೇಡ ಎಂದರೆ ಮುಗಿಯಿತು. ಬಾಯಿಯಿಂದ ಹೊರಬಿದ್ದದ್ದು ಬೇರೆ ಮಾತು.

"ಅಪ್‌ಡೇಟ್ ಬಂದಿರ್ಬೇಕು ಸಾರ್. ಬಾಡಿಗೆದು ಅಲ್ವಾ, ನಮ್ಮನ್ನ ಕೇಳ್ದೆ ಅವರೇ ಅಲ್ಲಿಂದ ಬದಲಾಯಿಸ್ತಿರ್ತಾರೆ. ಮೊದಲು ಅಕ್ಕ ಹೇಳ್ದ ಹಾಗೇ ಇತ್ತು. ನಾನೂ ನೋಡಿದೀನಿ."

ಕೋಣೆಯ ತುಂಬ ಉಸಿರು ಬಿಟ್ಟ ಸದ್ದು. ಎಷ್ಟು ಒಳ್ಳೆಯ ಸುಳ್ಳು! ಎಲ್ಲರಿಗೂ ಅದರಲ್ಲಿ ಜಾಗವಿತ್ತು. ದೊಡ್ಡಕ್ಕ ಕಣ್ಣೊರೆಸಿಕೊಂಡಳು. ಸಾಹೇಬರು ಬೆನ್ನನ್ನು ಕುರ್ಚಿಗೆ ಚಾಚಿದರು. "ಅದನ್ನ ಮೊದ್ಲೇ ಹೇಳೋದಲ್ವೇನಯ್ಯ. ಹಾಗಾದ್ರೆ ಯಾರ ತಪ್ಪೂ ಇಲ್ಲ." ಆಮೇಲೆ ಪೆನ್ನಿನ ತುದಿಯಿಂದ ಮೇಜು ತಟ್ಟುತ್ತ ಯೋಚಿಸಿದರು. "ಆದ್ರೆ ಒಂದು ತೊಂದರೆ. ಯಾರು ಹಾಕಿದ್ದು, ಯಾವಾಗ ಅಂತ ಗೊತ್ತಿದ್ದಿದ್ರೆ ಆ ಒಂದು ಸಾಲು ತಿದ್ದಿ ಪತ್ರ ಕಳಿಸಿ ಮುಗಿಸಬಹುದಿತ್ತು. ಅದು ತಾನೇ ಬದಲಾಗ್ತಿದೆ ಅಂದ್ಮೇಲೆ ಒಳಗಿರೋ ಡಾಕ್ಟರ್ ವರದೀನ ಹೇಗೆ ನಂಬೋದು? ನಲವತ್ತೊಂದು ಜನಾನೂ ಮತ್ತೆ ಕಿವಿ ಪರೀಕ್ಷೆಗೆ ಬರಲಿ. ಹೊಸದಾಗಿ."

ದೊಡ್ಡಕ್ಕ ಬರೆದಳು. ಮುದುಕ ಪುಸ್ತಕವನ್ನು ಹತ್ತಿರ ಹಿಡಿದು ಓದಿದ. ಹಿಂದಿನ ಪರೀಕ್ಷೆಯ ಸರದಿ ಬರಲು ಹನ್ನೊಂದು ತಿಂಗಳು ಹಿಡಿದಿತ್ತು.

"ಮತ್ತೆ ತೋರಿಸ್ಬೇಕಾ," ಎಂದ, ಈ ಸಲ ಅಷ್ಟು ಜೋರಾಗಿ ಅಲ್ಲ. "ಕಿವುಡ ಹೌದು ಅಂತ." ಪತ್ರವನ್ನು ನಾಲ್ಕಾಗಿ ಮಡಿಸಿ ಜೇಬಿನಲ್ಲಿಟ್ಟುಕೊಂಡ. "ಅದನ್ನ ಬರೆದೋರು ಯಾರೂ ಇಲ್ಲ ಅನ್ನಿ." ಯಾರಿಗೂ ಕೈ ಮುಗಿಯದೆ ಎದ್ದು ಹೋದ.

ಹೊರಗಿನ ಓಣಿಯಲ್ಲಿ ದೊಡ್ಡಕ್ಕ ಇವನ ಕೈ ಹಿಡಿದುಕೊಂಡಳು. ಆಕೆಯ ಅಂಗೈ ಇನ್ನೂ ಒದ್ದೆಯಾಗಿತ್ತು. "ನನ್ನ ಮಾನ ಉಳಿಸಿದೆ ಕಣೋ. ಸ್ವಂತ ತಮ್ಮ ಕೂಡ ಹೀಗೆ ನಿಲ್ತಿರ್ಲಿಲ್ಲ. ಆ ಕಂಪನಿಯೋರ ಮನೆ ಹಾಳಾಗ." ಬೈದುಬಿಡಬಾರದೇ, ತನ್ನ ಕೆನ್ನೆಗೆ ಹೊಡೆಯಬಾರದೇ ಎಂದು ಇವನಿಗೆ ಅನ್ನಿಸಿತು. ಆಕೆ ಚೀಲದಿಂದ ಒಂದು ಬಾಳೆಹಣ್ಣು ತೆಗೆದು ಕೊಟ್ಟಳು. "ಬೆಳಿಗ್ಗೆ ಏನೂ ತಿಂದಿಲ್ಲ ಅನ್ಸುತ್ತೆ, ಮುಖ ನೋಡು." ಅವನು ತೆಗೆದುಕೊಂಡ. ಸಿಪ್ಪೆ ಸುಲಿದ. ಬಾಯಿಗಿಟ್ಟ. ಅದು ಸಿಹಿಯಾಗಿತ್ತು, ಅದನ್ನೇ ತಡೆಯಲಾಗಲಿಲ್ಲ. ಅರ್ಧ ಹಣ್ಣನ್ನು ಕೈಯಲ್ಲೇ ಹಿಡಿದು ಮೆಟ್ಟಿಲಿಳಿದು ಓಡಿದ.

ಮುದುಕ ರಸ್ತೆ ದಾಟಿ ಬಸ್ ನಿಲ್ದಾಣದ ಕಡೆ ಹೋಗುತ್ತಿದ್ದ. ಯಜಮಾನ್ರೇ ಎಂದು ಹಿಂದಿನಿಂದ ಕೂಗಿದ. ಮುದುಕ ತಿರುಗಲಿಲ್ಲ. ಮತ್ತೆ ಕೂಗಿದ. ಹಣ್ಣಿನ ಗಾಡಿಯವನು ತಿರುಗಿದ, ಸ್ಕೂಟರಿನವಳು ತಿರುಗಿದಳು. ತಾನೂ ಈಗ ಬೆನ್ನ ಹಿಂದೆ ನಿಂತು ಪರೀಕ್ಷೆ ಮಾಡುತ್ತಿದ್ದೇನೆ ಎಂಬುದು ಆಗ ಹೊಳೆದು, ನಾಚಿಕೆಯಿಂದ ಓಡಿ ಎದುರಿಗೆ ಹೋಗಿ ನಿಂತ.

"ನಾನು ಬರೆದದ್ದು," ಎಂದ.

ಮುದುಕ ಕಿವಿಯ ಹಿಂದೆ ಅಂಗೈ ಇಟ್ಟು ಬಗ್ಗಿದ. "ಏನಪ್ಪಾ?"

"ಆ ಸಾಲು. ನಾನೇ ಬರೆದದ್ದು."

"ಬಸ್ಸಾ? ಇಲ್ಲೇ ಬರುತ್ತೆ, ನಿಲ್ಲು."

ಒಂದು ಲಾರಿ ಹಾದುಹೋಯಿತು. ನಿಲ್ದಾಣದಲ್ಲಿ ಏಳೆಂಟು ಜನರಿದ್ದರು. ಪಿಸುಗುಟ್ಟಿ ಒಪ್ಪಿಕೊಳ್ಳಬೇಕಾದ ಮಾತು; ಈ ಮನುಷ್ಯನಿಗೆ ಅದನ್ನು ಪಿಸುಗುಟ್ಟುವ ದಾರಿಯೇ ಇರಲಿಲ್ಲ. ಹೊಟ್ಟೆಯೊಳಗಿನ ಗಾಳಿಯನ್ನೆಲ್ಲ ಎಳೆದುಕೊಂಡು ಕೂಗಿದ. "ನಿಮ್ಮ ಕಾಗದದಲ್ಲಿ ಇರೋದನ್ನ ಬರೆದೋನು ನಾನು! ಅಪ್‌ಡೇಟೂ ಇಲ್ಲ, ಕಂಪನಿನೂ ಅಲ್ಲ! ನಾನು! ಇವತ್ತು ಬೆಳಿಗ್ಗೆ ಯಾರಿಗೂ ಗೊತ್ತಾಗದ ಹಾಗೆ ಬದಲಾಯಿಸ್ದೆ!" ನಿಲ್ದಾಣದವರು ಮಾತು ನಿಲ್ಲಿಸಿದರು. ಮೂರನೆಯ ಅಂತಸ್ತಿನ ಒಂದು ಕಿಟಕಿ ತೆರೆಯಿತು, ಹೆಗಲ ಮೇಲೆ ಕೈಯಿಟ್ಟಿದ್ದ ಆ ಗುಮಾಸ್ತನ ತಲೆ ಹೊರಬಂತು. ಊರಿಗೆಲ್ಲ ಕೇಳಿಸಿತ್ತು, ಕೇಳಬೇಕಾದವನಿಗೆ ಬಿಟ್ಟು. ಮುದುಕ ಅವನ ತುಟಿಗಳನ್ನೇ ನೋಡುತ್ತಿದ್ದ. "ಇನ್ನೊಂದ್ಸಲ," ಎಂದ. "ನಿಧಾನಕ್ಕೆ."

ಅವನು ನಿಧಾನಕ್ಕೆ, ಒಂದೊಂದೇ ಅಕ್ಷರ ಬಿಡಿಸಿ, ಜೇಬಿನತ್ತ ಬೆರಳು ಮಾಡಿ, ಆಮೇಲೆ ತನ್ನ ಎದೆಯತ್ತ ಬೆರಳು ಮಾಡಿ, ಹೇಳಿದ. ಮುದುಕನ ಮುಖದಲ್ಲಿ ಮಾತು ಇಳಿಯುವುದು ಕಾಣಿಸಿತು. ಹೊಡೆಯುತ್ತಾನೆ ಎಂದುಕೊಂಡ, ಹೊಡೆದರೆ ಒಳ್ಳೆಯದು ಎಂದುಕೊಂಡ.

"ನನ್ನ ನೋಡಿದ್ಯಾ ಅದಕ್ಕೆ ಮುಂಚೆ?" ಎಂದು ಮುದುಕ ಕೇಳಿದ.

ಇಲ್ಲ ಎಂದು ತಲೆಯಾಡಿಸಿದ.

ಬಸ್ಸು ಬಂತು, ನಿಂತಿತು, ಮುದುಕನಿಗಾಗಿ ಒಂದು ಕ್ಷಣ ಕಾದು ಹೋಯಿತು. ಆಮೇಲೆ ಆ ಕಪ್ಪು ಗೆಣ್ಣುಗಳ ಕೈ ಚಾಚಿ ಇವನ ಮಣಿಕಟ್ಟನ್ನು, ಯಂತ್ರಕ್ಕೆ ಕಬ್ಬಿಣ ಕಚ್ಚಿಸುವ ಹಾಗೆ, ಅಲುಗಾಡದಂತೆ ಹಿಡಿದ. "ನನಗೆ ಹೇಳಿ ಏನು ಮಾಡ್ತೀಯ? ನನಗೆ ಗೊತ್ತಿತ್ತಲ್ಲ, ನಾನು ಕಿವುಡ ಅಂತ. ಅಲ್ಲಿ ಹೇಳು ಬಾ. ಇನ್ನೂ ನಲವತ್ತು ಜನ ಇದಾರಂತೆ."

ರಸ್ತೆ ದಾಟಿದರು. ಕಾವಲಿನವನು ಏನೋ ಕೇಳಲು ಬಂದು, ಹಿಡಿದ ಕೈ ನೋಡಿ ಸರಿದು ನಿಂತ. ಬಲಗಡೆಗೆ ಲಿಫ್ಟ್ ಇತ್ತು, ಬಾಗಿಲು ತೆರೆದೇ ಇತ್ತು. ಮುದುಕ ಅದರತ್ತ ನೋಡಲಿಲ್ಲ. ಮೆಟ್ಟಿಲಿಗೆ ಕಾಲಿಟ್ಟ, ಮಂಡಿ ನೋವಿನವನ ಹಾಗೆ ಒಂದೊಂದು ಮೆಟ್ಟಿಲಿಗೂ ಎರಡೂ ಕಾಲು ಊರಿ, ಉಸಿರು ತೆಗೆದುಕೊಂಡು, ಮತ್ತೊಂದು. ಇವನು ಓಡಿಬಿಡಬಲ್ಲ, ಮುಂದಾಗಿ ಹತ್ತಿ ಮುಗಿಸಿಬಿಡಬಲ್ಲ. ಮಣಿಕಟ್ಟು ಬಿಡಿಸಿಕೊಳ್ಳಲಿಲ್ಲ. ಮೇಲಿನಿಂದ ಗುಮಾಸ್ತರೆಲ್ಲ ಕಂಬಿಗೆ ಬಾಗಿ ನೋಡುತ್ತಿದ್ದರು, ಅವರ ನಡುವೆ ದೊಡ್ಡಕ್ಕನೂ ಇದ್ದಳು. ಅವನು ತಲೆ ತಗ್ಗಿಸಿ, ಮುದುಕನ ಕಾಲು ಯಾವಾಗ ಏಳುತ್ತದೆಯೋ ಆಗ ತನ್ನ ಕಾಲನ್ನೂ ಎತ್ತುತ್ತ ಹತ್ತಿದ.